ಹಣೆ ಒರೆಸಿದ ಹತ್ತಿ

ಮಾನ್ಯ ಸಂರಕ್ಷಣಾಧಿಕಾರಿಗಳೇ,

ನೀವು ದೇವಿಯ ಹಣೆಯ ಕುಂಕುಮ ಒರೆಸಿಬಿಟ್ಟಿರಿ. ಸುತ್ತಿ ಬಳಸದೆ ಹೇಳುವುದಾದರೆ ನನ್ನ ದೂರು ಇಷ್ಟೇ.

ಹಿಮಾಚಲದ ಬೆಟ್ಟದಿಂದ ಅಡಿಲೇಡಿನ ನಿಮ್ಮ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಬಂದಿರುವ ಆ ಹಿತ್ತಾಳೆಯ ದುರ್ಗೆಗೆ ಒಂಬೈನೂರು ವರ್ಷ. ಜನ ಮುಟ್ಟಿ ಮುಟ್ಟಿ ಮೂಗು ಸವೆದಿದೆ. ಹುಬ್ಬುಗಳ ನಡುವಿನ ಗೀರಿನಲ್ಲಿ ಮಾತ್ರ ಹಳೆಯ ಪೂಜೆಯ ಕುಂಕುಮ ಚೂರು ಉಳಿದಿತ್ತು. ಪ್ರತಿ ಗುರುವಾರ ನಿಮ್ಮಲ್ಲಿ ಸಂದರ್ಶಕರಿಗೆ ವಿವರಣೆ ಕೊಡುವ ಸ್ವಯಂಸೇವಕಿ ನಾನು. ಅದನ್ನು ಮೊದಲು ಕಂಡವಳೂ ನಾನೇ. ನಮ್ಮವರ ಹುಚ್ಚು ಹೆಮ್ಮೆ ನೋಡಿ, ಇವಳಿಗೆ ಪೂಜೆ ನಡೆದದ್ದಕ್ಕೆ ಸಾಕ್ಷಿ ಸಿಕ್ಕಿತೆಂದು ನಿಮ್ಮ ಕೋಣೆಗೆ ಓಡಿಬಂದು ಹೇಳಿದೆ. ನೀವು ಆಸಕ್ತಿಯಿಂದ ಬರೆದುಕೊಂಡು "ನೋ ವರೀಸ್, ಪದ್ಮಾ" ಎಂದಿರಿ. ಮುಂದಿನ ಗುರುವಾರ ಹಣೆ ಬೋಳಾಗಿತ್ತು. ವರದಿಯಲ್ಲಿ 'ಮೇಲ್ಮೈ ಕೊಳೆ ನಿವಾರಣೆ' ಎಂದಿತ್ತು. ಎಂಥ ಶುಚಿಯಾದ ಆಡಳಿತ! ಇಷ್ಟು ಶತಮಾನ ಆ ಬೆಟ್ಟದ ಹೆಂಗಸರು ಬೆರಳಲ್ಲಿ ಅದ್ದಿ ಇಟ್ಟದ್ದು ಕೊಳೆಯೇ ತಾನೆ?

ನನಗೆ ಹನ್ನೊಂದು ವರ್ಷವಾಗಿದ್ದಾಗ ಮೈಸೂರಿನಲ್ಲಿ ಅಪ್ಪ ತೀರಿಕೊಂಡರು. ಹತ್ತನೆಯ ದಿನ ದೊಡ್ಡತ್ತೆ ನನ್ನನ್ನು ಕರೆದು ಒದ್ದೆ ಬಟ್ಟೆ ತರಲು ಹೇಳಿದರು. ಯಾಕೆಂದು ಕೇಳದೆ ತಂದುಕೊಟ್ಟೆ.

"ಇವತ್ತೊಂದಿನ ಇರ್ಲಿ ಬಿಡಿ" ಎಂದಳು ಅಮ್ಮ, ಮೆಲ್ಲಗೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಆ ಬಟ್ಟೆಯನ್ನು ಒಗೆದು ಒಣಹಾಕಿದವಳೂ ನಾನೇ. ನೀರು ಕೆಂಪಾಗಿ ಹರಿದುಹೋಯಿತು.

ಈಗ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳಲು ಕನ್ನಡಿಯ ಮುಂದೆ ನಿಂತರೆ ನನ್ನ ಭುಜದ ಹಿಂದೆ ಒಂದು ಬೋಳು ಹಣೆ ಕಾಣುತ್ತದೆ. ದೇವಿಯದೋ ಅಮ್ಮನದೋ ಗೊತ್ತಾಗುವುದಿಲ್ಲ. ತಿರುಗಿ ನೋಡಲು ನನಗೆ ಭಯ. ಇದಕ್ಕೆ ನಿಮ್ಮ ಇಲಾಖೆಯಲ್ಲಿ ಯಾವ ಅರ್ಜಿ ನಮೂನೆ ಇದೆ, ಸ್ವಾಮಿ?

ದೇವಿಯನ್ನು ಬೆಟ್ಟಕ್ಕೆ ಕಳಿಸಿ ಎಂದು ಕೇಳುವ ದೊಡ್ಡವರು ಬೇರೆ ಇದ್ದಾರೆ, ಕೇಳಲಿ. ನನ್ನ ಬೇಡಿಕೆ ಸಣ್ಣದು. ಒರೆಸಿದ ಹತ್ತಿಯನ್ನೂ ಎಸೆಯದೆ ಚೀಟಿ ಅಂಟಿಸಿ ಡ್ರಾಯರಿನಲ್ಲಿ ಇಡುತ್ತೀರೆಂದು ತರಬೇತಿಯಲ್ಲಿ ನೀವೇ ಹೇಳಿದ್ದಿರಿ. ಅದನ್ನು ಹೊರಗೆ ತೆಗೆಯಿರಿ. ಗಾಜಿನ ಪೆಟ್ಟಿಗೆಯೊಳಗೆ ಅವಳ ಪಾದದ ಬಳಿ ಇಡಿ. ಚೀಟಿಯ ಮೇಲೆ 'ಕೊಳೆ' ಎಂಬುದನ್ನು ಹೊಡೆದುಹಾಕಿ 'ಕುಂಕುಮ' ಎಂದು ಬರೆಯಿರಿ.

ಅಂದು ದೊಡ್ಡತ್ತೆಯನ್ನು ತಡೆಯಲು ನನಗೆ ಬಾಯಿ ಬರಲಿಲ್ಲ. ಅಮ್ಮ ಈಗಿಲ್ಲ. ಈ ಹತ್ತಿಯನ್ನಾದರೂ ತೊಳೆಯಬೇಡಿ.

ಇಂತಿ,
ಎರಡು ಸಲವೂ ಒರೆಸುವವರಿಗೆ ನೆರವಾದ
ಪದ್ಮಾ, ಬ್ಲೇರ್ ಅಥಾಲ್ ಬಡಾವಣೆ, ಅಡಿಲೇಡ್