ಹಗಲು ಮಲಗುವವಳು

ಜೂನ್ 11, ಬುಧವಾರ. ಬೆಳಿಗ್ಗೆ 8.20

ಮೂರನೆಯ ರಾತ್ರಿ ಪಾಳಿ ಮುಗಿಯಿತು. ಬೂಟು ಬಾಗಿಲ ಹೊರಗೆ, ಸಮವಸ್ತ್ರ ಪ್ಲಾಸ್ಟಿಕ್ ಚೀಲದೊಳಗೆ, ಸ್ನಾನ, ಒಂದು ಬಾಳೆಹಣ್ಣು. ಹನ್ನೊಂದು ಊರುಗಳಲ್ಲಿ ಇದೇ ಕ್ರಮ. ಇದು ಹನ್ನೆರಡನೆಯದು. ಅಮೆರಿಕದ ಉತ್ತರ ಡಕೋಟಾದ ಹಾಲ್ವಿಕ್. ಊರೂರು ತಿರುಗುವ ನರ್ಸಿಗೆ ಹದಿಮೂರು ವಾರದ ಕರಾರು, ಹದಿನೆಂಟು ಹಾಸಿಗೆಯ ಆಸ್ಪತ್ರೆ.

ಮನೆ ಮಾತ್ರ ಇಲ್ಲ. ಹೊರಡುವ ಮೊದಲೇ ಗೊತ್ತುಮಾಡಿಕೊಂಡಿದ್ದ ಕೋಣೆ ಕೈತಪ್ಪಿತು. ಮನೆ ಯಜಮಾನನ ತಮ್ಮ, ಹೆಂಡತಿಯನ್ನು ಬಿಟ್ಟು, ಅಲ್ಲಿಗೆ ಬರುತ್ತಿದ್ದಾನಂತೆ. ಕ್ಷಮೆ ಕೇಳಿದ ಸಂದೇಶದ ಕೊನೆಗೆ ಒಂದು ಸೂರ್ಯಕಾಂತಿಯ ಚಿತ್ರ. ಈಗ ಇರುವ, ಊರಾಚೆ ಹೆದ್ದಾರಿಯ ಮೋಟೆಲಿನವರು ಶನಿವಾರ ಜಾಗ ಬಿಡು ಎಂದಿದ್ದಾರೆ. ಗಾಳಿ ವಿದ್ಯುತ್ತಿನ ಯಂತ್ರಗಳನ್ನು ಕಟ್ಟುವ ಕೆಲಸಗಾರರು ಸೆಪ್ಟೆಂಬರ್ ತನಕ ಎಲ್ಲ ಕೋಣೆಗಳನ್ನೂ ಹಿಡಿದಿದ್ದಾರೆ.

ಪಾಳಿ ಒಪ್ಪಿಸುವಾಗ ಹಗಲಿನ ಮುಖ್ಯ ನರ್ಸ್ ಲವೋನ್‌ಗೆ ಹೇಳಿದೆ.

"ಫೋನಲ್ಲಿ ಹುಡುಕಿದ್ಯಾ? ಅಯ್ಯೋ ನಿನ್ನ! ಈ ಊರಲ್ಲಿ ಮನೆ ಬೇಕಂದ್ರೆ ಬಾಯಿ ಬಿಡ್ಬೇಕು, ಅಷ್ಟೇ." ಬಾಗಿಲಾಚೆ ತಲೆ ಹಾಕಿ ಕೂಗಿದಳು. "ಯಾರ ಬೇಸ್‌ಮೆಂಟ್ ಖಾಲಿ ಇದೆ ರೀ?"

ನಾಲ್ಕನೇ ಕೋಣೆಯ ರೋಗಿ ಹಾಸಿಗೆಯಿಂದಲೇ ಉತ್ತರಿಸಿದ. "ಆರ್ಡಿತ್ ಬಾಕೆನ್‌ದು!"

ಜೂನ್ 12. ಸಂಜೆ 5

ಆರ್ಡಿತ್‌ಗೆ ಅರವತ್ತನಾಲ್ಕು. ಶಾಲೆಯ ಬಸ್ಸು ಓಡಿಸುತ್ತಾಳೆ. ಈಗ ಬೇಸಿಗೆ ರಜೆ. ಕೋಣೆ ತೋರಿಸುವ ಮೊದಲು ಕಾಫಿ, ಎರಡು ಬಗೆಯ ಬಿಸ್ಕತ್ತು, ವಿಚಾರಣೆ.

"ಕುಡೀತೀಯಾ?"

"ಯಾವಾಗ್ಲಾದ್ರೂ."

"ಯಾವ ಚರ್ಚು?"

"ಯಾವುದೂ ಇಲ್ಲ."

"ಪರವಾಗಿಲ್ಲ. ರೈಲು ಹಳಿ ಆಚೆ ಇರೋ ಲೂಥರನ್ ಚರ್ಚಿನವಳಲ್ಲ ತಾನೇ, ಅಷ್ಟು ಸಾಕು."

ಇವಳು ಹಳಿಯ ಈಚೆಯ ಲೂಥರನ್ ಚರ್ಚಿನವಳು.

ಕೋಣೆ ಮನೆಯಡಿಯ ನೆಲಮಾಳಿಗೆಯಲ್ಲಿ, ಸೂರು ತಗ್ಗು. ಒಂದೇ ಕಿಟಕಿ, ಅದೂ ನೆಲಮಟ್ಟಕ್ಕೆ. ಹುಲ್ಲಿನ ಬುಡ ಕಾಣುತ್ತದೆ. ಒಳ್ಳೆಯ ಹಾಸಿಗೆ. ಸದ್ದು ಇರುತ್ತದೆಯೇ ಎಂದು ಕೇಳಿದೆ.

"ಸದ್ದಾ? ಈ ಊರಲ್ಲಾ? ಗೋರಿಯಲ್ಲಿರೋರೇ ಬೇಜಾರಾಗಿ ಎದ್ದು ಹೋಗ್ತಾರೆ ಇಲ್ಲಿ."

ರಾತ್ರಿ ಪಾಳಿ ನನ್ನದು ಎಂದೆ. "ಪಾಪ" ಎಂದಳು. ಅವಳಿಗೆ ಅರ್ಥವಾಯಿತು ಎಂದುಕೊಂಡೆ.

ಜೂನ್ 14, ಶನಿವಾರ

ಸಾಮಾನು ಇಳಿಸಿದ್ದು ಎರಡೇ ಸಲದಲ್ಲಿ. ದಿಂಬು, ದೀಪ, ಬಾಣಲೆ, ಒಂದು ಚಾಕು, ಐದು ಜೊತೆ ಸಮವಸ್ತ್ರ. ಕಾರಿನಲ್ಲಿ ಹಿಡಿಸದ್ದನ್ನು ಕೊಳ್ಳುವುದಿಲ್ಲ. ಆರ್ಡಿತ್ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ಉಳಿದಿದ್ದು ಹಿಂದೆ ಬರ್ತಿದೆಯಾ?"

"ಇಷ್ಟೇ."

ಮೆಟ್ಟಿಲು ಹತ್ತಿ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಕಂಬಳಿ ತಂದಿಟ್ಟು ಹೋದಳು.

ಜೂನ್ 15. ಮಧ್ಯಾಹ್ನ 12.40

ಒಂಬತ್ತಕ್ಕೆ ಮಲಗಿದ್ದೆ. ಹನ್ನೆರಡಕ್ಕೆ ಆಕಾಶ ಹರಿಯಿತು. ಸೈರನ್. ಸುಂಟರಗಾಳಿ ಎಂದುಕೊಂಡು ಬರಿಗಾಲಲ್ಲಿ ಮೆಟ್ಟಿಲ ಕೆಳಗೆ ಹೋಗಿ ಕುಕ್ಕರಿಸಿದೆ, ದಿಂಬನ್ನು ತಲೆಗೆ ಒತ್ತಿಕೊಂಡು.

ಬಾಗಿಲು ತೆರೆಯಿತು. ಆರ್ಡಿತ್, ಕೈಯಲ್ಲಿ ಆಲೂಗೆಡ್ಡೆ ಮತ್ತು ಮಾಂಸದ ಬಿಸಿ ತಟ್ಟೆ.

"ಅಲ್ಲೇನು ಮಾಡ್ತಿದೀಯ? ಊಟದ ಸೈರನ್ ಅದು. ಬಾ, ಆರಿಹೋಗುತ್ತೆ."

ದಿನವೂ ಊದುತ್ತದಂತೆ. ಒಂದೂವರೆ ನಿಮಿಷ. ಅಗ್ನಿಶಾಮಕ ದಳದ ಗೋಪುರ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಹಾಗಾದರೆ ಅವಳು ಸುಳ್ಳು ಹೇಳಿರಲಿಲ್ಲ. ಅರವತ್ತನಾಲ್ಕು ವರ್ಷ ಕೇಳಿದ ಸದ್ದು ಸದ್ದಲ್ಲ.

ತಿಂದೆ. ಚೆನ್ನಾಗಿತ್ತು. ಮತ್ತೆ ನಿದ್ದೆ ಬರಲಿಲ್ಲ.

ಜೂನ್ 19

ನಿದ್ದೆ ಮೂರು ಗಂಟೆ. ನಿನ್ನೆ ಮೂರೂವರೆ. ಸೈರನ್, ನಂತರ ತಟ್ಟೆ. ಇಂದು ಕೋಳಿ. ಎದುರಿಗೇ ಕೂತು ನಾನು ತಿನ್ನುವುದನ್ನು ನೋಡುತ್ತಾಳೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮಕ್ಕಳ ಕಥೆ ಹೇಳುತ್ತಾಳೆ, ಹೆಸರು ಹಿಡಿದು. ಅವರಲ್ಲಿ ಒಬ್ಬ ಈಗ ಜಡ್ಜ್.

ಹಗಲು ಎಬ್ಬಿಸಬೇಡಿ ಎಂದು ಹೇಳಬಹುದು. ಆದರೆ ಹದಿಮೂರು ವಾರ ಇರುವವರು ಏನನ್ನೂ ಕೇಳಬಾರದು. ಹನ್ನೊಂದು ಊರುಗಳಲ್ಲಿ ಕಲಿತದ್ದು ಇದೊಂದೇ.

ಜೂನ್ 23. ಬೆಳಿಗ್ಗೆ 9

ನಿಧಾನವಾಗಿ ಬರೆಯುತ್ತೇನೆ. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹೌಗನ್‌ಗಳು. ರಕ್ತ ತೆಳುವಾಗಿಸುವ ಗುಳಿಗೆ ಒಬ್ಬರದ್ದು. ಇನ್ನೊಬ್ಬರ ಅಂಗೈಗೆ ಹಾಕಲಿದ್ದೆ. ಮಣಿಕಟ್ಟಿನ ಹೆಸರುಪಟ್ಟಿಗೆ ಸ್ಕ್ಯಾನ್ ಯಂತ್ರ ಹಿಡಿದಾಗ ಅದು ಚೀರಿತು. ಆ ಇನ್ನೊಬ್ಬರು ಹೊಟ್ಟೆಯ ಹುಣ್ಣಿಗೆ ಬಂದವರು. ನುಂಗಿದ್ದರೆ…

ಇಪ್ಪತ್ತೆಂಟು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಲವೋನ್‌ಗೆ ನಾನೇ ಹೇಳಿ, ಬರೆದುಕೊಟ್ಟೆ. ಅವಳು ಬೈಯಲಿಲ್ಲ. ಅದೇ ಕಷ್ಟವಾಯಿತು.

"ನಿದ್ದೆ ಮಾಡು ಲೊರೆಟ್ಟಾ. ಇಲ್ಲಾಂದ್ರೆ ಮನೆಗೆ ಹೋಗು."

ಯಾವ ಮನೆಗೆ. ಅದನ್ನು ಕೇಳಲಿಲ್ಲ. ನಲವತ್ತು ಮೈಲಿ ಸುತ್ತ ಖಾಲಿ ಕೋಣೆ ಇಲ್ಲ, ವಿಚಾರಿಸಿದ್ದೇನೆ. ಇಲ್ಲಿ ನಿದ್ದೆ ಬರಬೇಕು, ಅಥವಾ ಕರಾರು ಮುರಿದು ಹೊರಡಬೇಕು. ನನ್ನ ಕೈಯನ್ನು ನಾನೇ ನಂಬದೆ ಇನ್ನೊಬ್ಬರ ಅಂಗೈಗೆ ಗುಳಿಗೆ ಹಾಕಲಾರೆ.

ಜೂನ್ 24

ಕಿಟಕಿಗೆ ಅಡುಗೆಯ ಫಾಯಿಲ್ ಅಂಟಿಸಿದೆ, ಎರಡು ಪದರ. ಕಿವಿಗೆ ಮೇಣ. ಬೆಳಕು ಸೋತಿತು. ಸೈರನ್ ಸೋಲಲಿಲ್ಲ.

ಜೂನ್ 25. ಬೆಳಿಗ್ಗೆ 11.30

ಬಾಗಿಲು ಬಡಿದ ಸದ್ದಿಗೆ ಎದ್ದೆ. ಶೆರಿಫ್ ಕಚೇರಿಯ ಪೊಲೀಸ್ ಸಮವಸ್ತ್ರ, ಮೂವತ್ತರ ಪ್ರಾಯ, ಹೆಸರು ಕರ್ಟಿಸ್. ಅವನ ಬೆನ್ನಿಗೆ ಆರ್ಡಿತ್, ಮೊಣಕೈ ತನಕ ಹಿಟ್ಟು.

"ಮೇಡಂ, ಕಿಟಕಿಗೆ ಫಾಯಿಲ್ ಯಾಕೆ ಅಂತ ಕೇಳ್ಬೋದಾ? ಹಾಗೆ ಮುಚ್ಚೋರು ಸಾಮಾನ್ಯವಾಗಿ ಒಳಗೆ ದೀಪ ಹಾಕಿ ಗಿಡ ಬೆಳೆಸ್ತಿರ್ತಾರೆ."

"ಗಾಂಜಾ ಹುಡುಕ್ತೀಯೇನೋ ನನ್ನ ಮನೇಲಿ?" ಆರ್ಡಿತ್ ಅವನ ಬೆಲ್ಟು ಹಿಡಿದು ಎಳೆದಳು. "ನಿನ್ನ ಕುಂಡೆ ತೊಳೆದವಳು ಕಣೋ ನಾನು!"

"ದೊಡ್ಡಮ್ಮ, ದೂರು ಬಂದಿದೆ, ನಾನೇನ್ ಮಾಡ್ಲಿ…"

"ಎದುರು ಮನೆ ಗ್ಲೆನ್ನಿಸ್ ತಾನೇ? ಅವಳಿಗೆ ಸಬ್ಬಸಿಗೆಗೂ ಗಾಂಜಾಗೂ ವ್ಯತ್ಯಾಸ ಗೊತ್ತಿಲ್ಲ."

ನಿದ್ದೆ ಮಾಡಲು ಮುಚ್ಚಿದ್ದೇನೆ ಎಂದೆ. ಇಬ್ಬರೂ ನನ್ನ ಕಡೆ ತಿರುಗಿದರು.

"ಈಗಾ?" ಎಂದ ಕರ್ಟಿಸ್. "ಹನ್ನೊಂದು ಗಂಟೆಗೆ?"

ಆರ್ಡಿತ್ ಮೆಟ್ಟಿಲ ಮೇಲೆ ಕೂತಳು. "ರಾತ್ರಿ ಪಾಳಿ ಅಂದ್ರೆ, ರೋಗಿಗಳು ಮಲಗಿದ್ಮೇಲೆ ನೀವೂ ಮಲಗ್ತೀರಿ ಅಂದ್ಕೊಂಡಿದ್ದೆ. ಪಕ್ಕದಲ್ಲೊಂದು ಮಂಚ ಹಾಕ್ಕೊಂಡು."

"ಇಲ್ಲ."

"ಹತ್ತು ದಿನದಿಂದ ನಿನ್ನನ್ನ ಎಬ್ಬಿಸಿ ಎಬ್ಬಿಸಿ ತಿನ್ನಿಸಿದೀನಿ. ಬಾಯಿ ಇರ್ಲಿಲ್ವಾ ನಿಂಗೆ?"

"ನೀವು ಮಾಡಿದ ಊಟ ಚೆನ್ನಾಗಿತ್ತು."

"ಸುಮ್ನಿರು. ಕಳ್ಳಿ." ಕಣ್ಣು ಒರೆಸಿಕೊಂಡಳು. ಹುಬ್ಬಿಗೆ ಹಿಟ್ಟು ಮೆತ್ತಿತು.

ಜುಲೈ 6, ಭಾನುವಾರ. ಸಂಜೆ

ಹನ್ನೊಂದು ದಿನ ಬರೆದಿಲ್ಲ. ಮಲಗಿದ್ದೆ.

ಆರ್ಡಿತ್ ಚರ್ಚಿನಿಂದ ವಾರಪತ್ರಿಕೆಯ ಹಾಳೆ ತಂದುಕೊಟ್ಟಳು. ಹುಟ್ಟುಹಬ್ಬಗಳ ಕೆಳಗೆ, ಹಿಂದಿನ ವಾರದ್ದೇ ಮತ್ತೊಮ್ಮೆ ಅಚ್ಚಾಗಿದೆ: 'ಬಾಕೆನ್ ಮನೆಯ ನರ್ಸ್ ಹಗಲು ಮಲಗುತ್ತಾರೆ. ಮೂರನೆಯ ಬೀದಿಯಲ್ಲಿ ನಾಲ್ಕು ಗಂಟೆಯ ತನಕ ಹುಲ್ಲು ಕತ್ತರಿಸಬೇಡಿ. ಹನ್ನೆರಡರ ಸೈರನ್ ಸೆಪ್ಟೆಂಬರ್ ತನಕ ಇರುವುದಿಲ್ಲ. ಊಟ ಎಂದಿನಂತೆ ಹನ್ನೆರಡಕ್ಕೇ.'

ಎರಡು ಸಲ ಓದಿದೆ. ನಾನು ಕೇಳಿರಲಿಲ್ಲ.

ಜುಲೈ 10

ಏಳು ಗಂಟೆ ನಿದ್ದೆ. ಕೈ ತನ್ನ ಕೆಲಸ ತಾನು ಮಾಡುತ್ತಿದೆ.

ಇಂದು ಮಧ್ಯದಲ್ಲಿ ಎದ್ದು ಫಾಯಿಲಿನ ಮೂಲೆ ಎತ್ತಿ ನೋಡಿದೆ. ಮಕ್ಕಳ ಕಾಲುಗಳು. ಸೈಕಲ್ಲಿನಿಂದ ಇಳಿದು, ನಮ್ಮ ಮನೆಯ ಉದ್ದಕ್ಕೂ ತಳ್ಳಿಕೊಂಡು ಹೋಗಿ, ಗ್ಲೆನ್ನಿಸ್ ಬೇಲಿ ದಾಟಿದ ಮೇಲೆ ಹತ್ತಿದರು. ಒಬ್ಬಳು ಚಪ್ಪಲಿಯನ್ನೂ ಕೈಯಲ್ಲಿ ಹಿಡಿದಿದ್ದಳು. ಅಷ್ಟು ಬೇಕಿರಲಿಲ್ಲ. ಬಹಳ ಹೊತ್ತು ಆ ಮೂಲೆಯನ್ನು ಹಿಡಿದೇ ಇದ್ದೆ.

ಆರ್ಡಿತ್ ಈಗ ಹಗಲು ಕೆಳಗಿಳಿಯುವುದಿಲ್ಲ. ನಾಲ್ಕಕ್ಕೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ತಟ್ಟೆ, ಬಟ್ಟೆ ಮುಚ್ಚಿದ್ದು. ಕಥೆಗಳನ್ನು ಸಂಜೆಗೆ ಇಟ್ಟುಕೊಂಡಿದ್ದಾಳೆ.

ಜುಲೈ 18. ಬೆಳಿಗ್ಗೆ 8.30

ನಿನ್ನೆ ಪಾಳಿಗೆ ಹೋದಾಗ ಆರನೇ ಕೋಣೆಯಲ್ಲಿ ಹೊಸಬರು. ಸೆಲ್ಮರ್ ನೆಸ್, ಎಪ್ಪತ್ತೊಂಬತ್ತು, ಮದುವೆಯಾಗದ ರೈತ. ಸಕ್ಕರೆ ಕಾಯಿಲೆ. ಹನ್ನೆರಡಕ್ಕೆ ಹತ್ತು ನಿಮಿಷ ಮುಂಚೆ ಇನ್ಸುಲಿನ್ ಚುಚ್ಚಿಕೊಂಡು, ತಟ್ಟೆಗೆ ಹಾಕಿಕೊಂಡು, ಚಮಚ ಹಿಡಿದು ಕೂತವರು ತಿನ್ನಲೇ ಇಲ್ಲ. ಅಂಚೆಯವಳು ನೋಡುವಾಗ ಸಕ್ಕರೆ ಕುಸಿದು ಮೇಜಿನ ಮೇಲೆ ತಲೆ. ಇನ್ನರ್ಧ ಗಂಟೆ ತಡವಾಗಿದ್ದರೆ ಬದುಕುತ್ತಿರಲಿಲ್ಲ ಎಂದಳು ಲವೋನ್.

ಸೈರನ್‌ಗಾಗಿ ಕಾಯುತ್ತಿದ್ದರು.

ಸೈರನ್ ನಿಂತು ಮೂರು ವಾರ. ಅಷ್ಟೂ ದಿನ ಅವರು ತಂಗಿಯ ಮನೆಯಲ್ಲಿದ್ದರು. ಬುಧವಾರ ಸಂಜೆಯಷ್ಟೇ ಊರಿಗೆ ಬಂದದ್ದು. ಹಳಿಯಾಚೆಯ ಚರ್ಚಿನವರು, ಈಚೆಯ ಹಾಳೆ ಅವರಿಗೆ ಬರುವುದಿಲ್ಲ.

ಬೆಳಿಗ್ಗೆ ರಕ್ತ ಪರೀಕ್ಷೆಗೆ ಬೆರಳು ಚುಚ್ಚುತ್ತಾ ಕೇಳಿದೆ. "ಮನೇಲಿ ಗಡಿಯಾರ ಇಲ್ವಾ?"

"ಇದೆ. ಹನ್ನೆರಡು ಅಂತಾನೇ ಹೇಳ್ತಿತ್ತು."

"ಮತ್ತೆ?"

"ಅದೊಂದೇ ಹೇಳಿದ್ರೆ ಆಯ್ತಾ?" ನನ್ನ ಎದೆಯ ಮೇಲಿನ ಹೆಸರನ್ನು ಓದಿದರು, ತುಟಿ ಅಲ್ಲಾಡಿಸುತ್ತಾ. "ಓ. ಲವೋನ್ ಹೇಳಿದ ಆ ಮಲಗೋ ನರ್ಸು ನೀನೇನಾ?"

"ನಾನೇ."

"ಚೆನ್ನಾಗಿ ನಿದ್ದೆ ಬರ್ತಿದೆಯಾ?"

ವ್ಯಂಗ್ಯವೇ ಎಂದು ಮುಖ ನೋಡಿದೆ. ಅಲ್ಲ. ನಿಜವಾಗಿ ಕೇಳುತ್ತಿದ್ದರು. "ಬರ್ತಿದೆ" ಎಂದೆ. "ಒಳ್ಳೇದಾಯ್ತು" ಎಂದರು.

ಅದೇ ದಿನ. ಸಂಜೆ 5

ನಿದ್ದೆ ಬರಲಿಲ್ಲ, ಸದ್ದಿಲ್ಲದ ಊರಿನಲ್ಲಿ.

ಸೈರನ್ ಮತ್ತೆ ಊದಲಿ ಎಂದೆ ಆರ್ಡಿತ್‌ಗೆ.

"ಹುಚ್ಚಾ ನಿಂಗೆ? ಸೆಲ್ಮರ್‌ಗೆ ಹನ್ನೆರಡಕ್ಕೆ ನಾನೇ ಫೋನ್ ಮಾಡ್ತೀನಿ. ಮುಗೀತಲ್ಲ."

"ಗೊತ್ತಾಗಿರೋದು ಸೆಲ್ಮರ್ ಒಬ್ಬರದ್ದು. ಉಳಿದವರು?"

ಅವಳು ಬಟಾಣಿ ಬಿಡಿಸುತ್ತಿದ್ದಳು. ಕೈ ನಿಂತಿತು. "ಆವತ್ತು ಗುಳಿಗೆ ತಪ್ಪಿದ್ದು, ಲವೋನ್ ಹೇಳಿದ್ಲು. ನಿದ್ದೆ ಇಲ್ದೆ ನೀನಿಲ್ಲಿ ಇರಕ್ಕಾಗಲ್ಲ."

"ಗೊತ್ತು."

"ಹಾಗಿದ್ರೆ ಹೊರಟುಹೋಗ್ತೀಯಾ?"

ಬಟಾಣಿ ಎಳೆದುಕೊಂಡು ನಾನೂ ಬಿಡಿಸತೊಡಗಿದೆ. ಸಿಪ್ಪೆಯನ್ನು ಬದಿಗೆ ಸರಿಸಿ ಅವಳು ಹೇಳಿದಳು. "ನಿಲ್ಸಿ ಅಂತ ಹೇಳ್ದೋಳು ನಾನು. ಊದಿ ಅಂತ ನೀನೇ ಹೋಗಿ ಕೇಳು. ಸೋಮವಾರ ಸಭೆ ಇದೆ."

ಜುಲೈ 21, ಸೋಮವಾರ. ಸಂಜೆ 6.30

ಊರಸಭೆ. ಅಗ್ನಿಶಾಮಕ ಗ್ಯಾರೇಜು, ಮಡಚುವ ಕುರ್ಚಿ, ಒಂಬತ್ತು ಜನ. ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ದಯವಿಟ್ಟು ಸೈರನ್ ಊದಿ" ಎಂದೆ.

ದಳದ ಮುಖ್ಯಸ್ಥ ಮೈಲೋ ಟೋಪಿ ತೆಗೆದು ತಲೆ ಕೆರೆದ. "ಮತ್ತೆ ನಿಮ್ಮ ನಿದ್ದೆ?"

"ನೋಡೋಣ."

"ಬೇಕಾದ್ರೆ ಮೆಲ್ಲಗೆ ಊದ್ತೀವಿ."

"ಸೈರನ್ನ ಮೆಲ್ಲಗೆ ಹೇಗಯ್ಯಾ ಊದ್ತೀಯ?" ಎಂದಳು ಗ್ಲೆನ್ನಿಸ್. ಅರ್ಧ ಗಂಟೆ ಅದೇ ಚರ್ಚೆ. ಕೊನೆಗೆ ಒಂದೂವರೆ ನಿಮಿಷದ ಬದಲು ಹತ್ತು ಸೆಕೆಂಡು ಎಂದು ಠರಾವು. ಗ್ಲೆನ್ನಿಸ್ ಹೊರಗೆ ನನ್ನ ಕೈ ಹಿಡಿದು, ಫಾಯಿಲ್ ಸುಕ್ಕಾಗಿದೆ, ಹೊಸದು ನಾನು ಕೊಡ್ತೀನಿ ಎಂದಳು.

ಹನ್ನೊಂದು ಊರುಗಳಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ. ಮೊದಲ ಸಲ ಕೇಳಿದ್ದು, ಗದ್ದಲ.

ಜುಲೈ 22, ಮಂಗಳವಾರ. ಬೆಳಿಗ್ಗೆ 11.35

ಪಾಳಿಯಿಂದ ಬಂದು ಎರಡೂವರೆ ಗಂಟೆ. ಮಲಗಿಲ್ಲ. ಇವತ್ತು ಊದುತ್ತದೆ. ಎಚ್ಚರವಿದ್ದೇ ಕೇಳಿಬಿಟ್ಟು ಆಮೇಲೆ ಮಲಗುವುದು ಎಂದುಕೊಂಡಿದ್ದೇನೆ. ಎಬ್ಬಿಸಲು ಅದಕ್ಕೆ ಯಾರೂ ಸಿಗಬಾರದು.

ಆರ್ಡಿತ್ ಬೆಳಿಗ್ಗೆ ಕಾಫಿ ಇಟ್ಟು ಹೋದಳು. ಮತ್ತೆ ಬಂದು, "ಇರ್ತೀಯೋ ಹೋಗ್ತೀಯೋ, ಇವತ್ತೇ ಹೇಳ್ಬೇಕು ಅಂತಿಲ್ಲ" ಎಂದಳು. ಮತ್ತೆ ಬಂದು, "ನಾಳೆ ಹೇಳಿದ್ರೂ ಆಗುತ್ತೆ" ಎಂದಳು.

11.44

ಮೇಲೆ ಅವಳು ಬರಿಗಾಲಲ್ಲಿ ನಡೆಯುತ್ತಿದ್ದಾಳೆ. ತೂಕದ ಹೆಂಗಸು, ಹಲಗೆಗಳು ಅವಳ ಗುಟ್ಟನ್ನು ಕಾಯುವುದಿಲ್ಲ. ಒಲೆಯಿಂದ ಮೇಜಿಗೆ. ಮೇಜಿನಿಂದ ಕಿಟಕಿಗೆ. ಕಿಟಕಿಯ ಬಳಿ ನಿಂತಳು. ಗೋಪುರದ ಕಡೆ ನೋಡುತ್ತಿರಬೇಕು. ನನಗಿಂತ ಅವಳಿಗೇ ಹೆದರಿಕೆ.

11.51

ಆಸ್ಪತ್ರೆಯಿಂದ ಮನೆಗೆ ಮರಳಿದ ಸೆಲ್ಮರ್ ಈಗ ಚುಚ್ಚಿಕೊಂಡಿರುತ್ತಾರೆ. ತಟ್ಟೆ ಮುಂದೆ. ಇಡೀ ಊರು ಚಮಚ ಹಿಡಿದು ಕೂತಿದೆ, ಒಂಬತ್ತು ನಿಮಿಷ. ಒಂದು ಊರಿನ ಜೊತೆ ಹೀಗೆ ಕಾದದ್ದು ನೆನಪಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತಿದೆ. ದಿಂಬು ಎತ್ತರಿಸಿಕೊಂಡೆ, ಬರೆಯಲು. ಆರ್ಡಿತ್ ಮತ್ತೆ ಒಲೆಯ ಹತ್ತಿರ. ಈರುಳ್ಳಿ, ಬೆಣ್ಣೆ. ಎದ್ದ ಮೇಲೆ ಮೊದಲು ಅವಳಿಗೆ ಹೇಳಬೇಕು, ನಾಳೆಯ ತನಕ ಕಾಯಿಸಬಾರದು, ಈ ಹದಿಮೂರು ವಾರ ಆದ ಮೇಲೂ ಈ ಕೋಣೆ ಬೇರೆ ಯಾರಿಗೂ ಕೊಡಬೇ