ತಲೆಬರಹವಿಲ್ಲದ ಹಾಳೆ

ಅಕ್ಟೋಬರ್ ೧೪, ಮಂಗಳವಾರ. ಕೋಕ್-ಬುಲಾಕ್ ಹಳ್ಳಿ.

ಆ ಹಾಳೆಗೆ ತಲೆಬರಹವಿರಲಿಲ್ಲ. ಮೂವತ್ತೆಂಟು ವರ್ಷ ಮಕ್ಕಳಿಗೆ ಮೊದಲು ತಲೆಬರಹ ಬರೆಯಿರೆಂದು ಕಲಿಸಿದ ನಾನೇ ಅದನ್ನು ಗಮನಿಸಲಿಲ್ಲ. ಊರಿನ ಕುಡಿಯುವ ನೀರಿನ ಬುಗ್ಗೆಯ ಮೇಲಣ ಗುಡ್ಡದಲ್ಲಿ ಚಿನ್ನದ ಗಣಿ ತೋಡುವ ಕುರಿತು ಸಾರ್ವಜನಿಕ ಸಭೆ ನಡೆದ ದಿನ, ಬಾಗಿಲಲ್ಲೇ ನಿಂತು ಬಂದವರೆಲ್ಲರಿಂದ ಪೂರ್ಣ ಹೆಸರು ಬರೆಸಿ ಸಹಿ ಹಾಕಿಸಿದೆ. ಹಾಜರಿ ಹಾಕದವರ ಆಕ್ಷೇಪಣೆ ಲೆಕ್ಕಕ್ಕೆ ಬಾರದೆಂದು ನಂಬಿದ್ದೆ. ಸಭೆಯಲ್ಲಿ ಒಬ್ಬರೂ ಗಣಿ ಬೇಕೆನ್ನಲಿಲ್ಲ.

ಇಂದು ಗ್ರಾಮ ಕಚೇರಿಯಲ್ಲಿ ಅದೇ ಹಾಳೆಯನ್ನು ಕಂಡೆ. ಮೇಲೆ ಅಚ್ಚಾಗಿತ್ತು: 'ಒಪ್ಪಿಗೆ ನೀಡಿದವರು'. ಮೊದಲ ಸಹಿ ನನ್ನದು.

ಲಿಖಿತ ಆಕ್ಷೇಪಣೆಗೆ ನಾಳೆಯೇ ಕೊನೆಯ ದಿನ. ಹೊಸ ಹಾಳೆ ಹಿಡಿದು ಮನೆಮನೆಗೆ ಹೋದೆ. ಹಳೆಯ ವಿದ್ಯಾರ್ಥಿನಿ ಜಿಪಾರ್ಗುಲ್ ಚಹಾ ಕೊಟ್ಟಳು, ಕರಿದ ಹಿಟ್ಟಿನ ಬಿಸಿ ಬೋರ್ಸೋಕ್ ಕೊಟ್ಟಳು. ಪೆನ್ನು ಮಾತ್ರ ಮುಟ್ಟಲಿಲ್ಲ. ಊರವರೆಲ್ಲ ನನ್ನನ್ನು ಕರೆಯುವುದು ಎಜೆ, ಅಂದರೆ ಅಕ್ಕ, ಎಂದೇ.

"ಎಜೆ, ಹೋದ್ಸಲ ನೀವ್ ಹೇಳಿದ್ರಿ ಅಂತ ದುಂಡಗೆ ಬರ್ದೆ, ಬುಗ್ಗೆ ಹೋಯ್ತು. ಈ ಸಲ ಬರ್ದ್ರೆ ಏನ್ ಹೋಗುತ್ತೆ, ಮನೇನಾ?"

ಅವಳ ಗಂಡ ಒಳಗಿನಿಂದ ನಕ್ಕ: "ಮೆಲ್ಲಗೆ ಮಾತಾಡೇ, ಎಜೆ ಮಾರ್ಕ್ಸ್ ಕಳೀತಾರೆ!"

ಹಾಳೆ ಮಡಚಿಕೊಂಡು ಎದ್ದು ಬಂದೆ.

ಈ ಬಾರಿ ತಲೆಬರಹವನ್ನು ನಾನೇ ದೊಡ್ಡಕ್ಷರದಲ್ಲಿ ಬರೆದಿದ್ದೇನೆ: 'ಗಣಿಯನ್ನು ವಿರೋಧಿಸುವವರು'. ಕೆಳಗೆ ಒಂದೇ ಹೆಸರು, ನನ್ನದು. ಬುಗ್ಗೆಯ ಮೇಲಣ ಗುಡ್ಡದಲ್ಲಿ ಸಂಜೆಯಿಂದ ಮೂರು ದೀಪಗಳು ಉರಿಯುತ್ತಿವೆ. ಅಲ್ಲಿ ಯಾರ ಮನೆಯೂ ಇಲ್ಲ. ಈಗ ನಾಲ್ಕನೆಯದೂ ಹೊತ್ತಿಕೊಂಡಿತು; ಗಣಿಯವರು ನಾಳೆಯವರೆಗೂ ಕಾಯಲಿಲ್ಲ.