ಫೆಲಾಳ ಜಾಗ

ಮಾರ್ಚ್ ೪, ೨೦೧೪

ಹ್ಯೂಸ್ಟನ್ನಿನ ಎಣ್ಣೆ ಕಂಪನಿಗಳ ಕಡೆ, ಎನರ್ಜಿ ಕಾರಿಡಾರ್‌ನ ಎರಡು ಮನೆಗಳಿಗೆ ನಮ್ಮ ಕಲ್ಲಿನ ಯಾರ್ಡಿನಿಂದ ಅಡುಗೆಕಟ್ಟೆಯ ಗ್ರಾನೈಟ್ ಹೋಯಿತು. ಬಿಲ್ಲು ಮಗಳು ಅಮೂಲ್ಯಾ ಮಾಡಿದಳು. ಮಧ್ಯಾಹ್ನ ಮಿಸ್ಟರ್ ರೋಟ್‌ಮನ್ ಬಂದರು. ತೊಂಬತ್ತು ವರ್ಷ. ಪೋಲೆಂಡಿನ ಯಹೂದಿ. ತಮ್ಮ ಗೋರಿಗೆ ತಾವೇ ಕಲ್ಲು ಆರಿಸಬೇಕಂತೆ. ಜೊತೆಗೆ ಅವರ ಮಗಳು ಶೀಲಾ — ಫೋನಿನಲ್ಲಿ ಹೆಸರು ಕೇಳಿ ನಮ್ಮವಳೇ ಅಂದುಕೊಂಡಿದ್ದೆ.

ಬೂದು ಕಲ್ಲು ತೋರಿಸಿದೆ. ಮುಟ್ಟಲಿಲ್ಲ.

"ಬೂದು ಬೇಡ. ನಾಜಿಗಳ ಕ್ಯಾಂಪಿನಲ್ಲಿ ಕ್ವಾರಿಗೆ ಹಾಕಿದ್ದರು. ಅದನ್ನೇ ಹೊತ್ತಿದ್ದೇನೆ."

ನಿನ್ನೆ ಮಳೆ ಬಂತು ಅನ್ನುವ ಹಾಗೆ ಹೇಳಿದರು. ನಮ್ಮ ಇಳಕಲ್ಲಿನ ಕೆಂಪು ಹಿಡಿಸಿತು. ಚೌಕಾಸಿ ಮಾತ್ರ ಥೇಟ್ ಹುಬ್ಬಳ್ಳಿ ಪೇಟೆಯದು. ಸೋತವನು ನಾನೇ.

ಮಾರ್ಚ್ ೧೮

ರೋಟ್‌ಮನ್ ಪೆನ್ಸಿಲ್ಲಿನಲ್ಲಿ ಕಲ್ಲಿನ ನಕ್ಷೆ ಬರೆದು ತಂದರು. ಮೇಲೆ ಅವರ ಹೆಸರು. ಕೆಳಗೆ ಅಪ್ಪ, ಅಮ್ಮ, ಇಬ್ಬರು ತಮ್ಮಂದಿರು. ನಾಲ್ವರನ್ನೂ ಕೊಂದರು, ಗೋರಿ ಇಲ್ಲ. "ನನ್ನ ಕಲ್ಲಿನ ಮೇಲಾದರೂ ಇರಲಿ." ಹಾಗೆ ಬರೆಸುವ ರೂಢಿ ಇದೆಯಂತೆ. ಅಮ್ಮನ ಹೆಸರಿನ ಕೆಳಗೆ ಜಾಗ ಜಾಸ್ತಿ ಬಿಟ್ಟಿದ್ದರು. ಮುದಿ ಕೈ, ನಡುಗಿರಬೇಕು. ಸಾಲುಗಳ ಅಂತರ ಸಮ ಮಾಡಿಕೊಂಡೆ.

ಏಪ್ರಿಲ್ ೨೯

ಕೆತ್ತಿ ಮುಗಿಸಿದ ಕಲ್ಲು ನೋಡಲು ಅಪ್ಪ ಮಗಳು ಬಂದರು. ರೋಟ್‌ಮನ್ ಹೆಸರುಗಳ ಮೇಲೆ ಬೆರಳಾಡಿಸುತ್ತ ಬಂದು ಅಮ್ಮನ ಹೆಸರಿನ ಕೆಳಗೆ ನಿಂತರು.

"ಫೆಲಾ ಎಲ್ಲಿ ನಿಲ್ಲಬೇಕು?"

ಫೆಲಾ ಅವರ ತಂಗಿ. ೧೯೪೨ರಲ್ಲಿ ಎಂಟು ವರ್ಷ. ನಾಜಿಗಳು ರೈಲಿಗೆ ತುಂಬುವ ಮೊದಲು ಮನೆಯವರು ಅವಳನ್ನು ಹಾಲು ಮಾರುವ ಹೆಂಗಸೊಬ್ಬಳ ಕೈಗೆ ಕೊಟ್ಟುಬಿಟ್ಟರಂತೆ. ಯುದ್ಧ ಮುಗಿದ ಮೇಲೆ ಹುಡುಕಿ ಹೋದರೆ ಆ ಹೆಂಗಸೂ ಇಲ್ಲ, ಹುಡುಗಿಯೂ ಇಲ್ಲ. ಸತ್ತಳೆಂದು ಯಾರೂ ಹೇಳಲಿಲ್ಲ. ಹಾಗಾಗಿ ಹೆಸರು ಕೆತ್ತುವಂತಿಲ್ಲ. ಜಾಗ ಮುಚ್ಚುವಂತೆಯೂ ಇಲ್ಲ.

"ಎಪ್ಪತ್ತು ವರ್ಷ ಆಯ್ತು, ಡ್ಯಾಡ್," ಅಂದರು ಶೀಲಾ.

ರೋಟ್‌ಮನ್ ನನ್ನ ಕಡೆಗೇ ನೋಡಿ ಹೇಳಿದರು: "ಹ್ಯೂಸ್ಟನ್ನಿನಲ್ಲಿ ಶೂ ಅಂಗಡಿ ಇಟ್ಟಾಗ ಎಲ್ಲರೂ ಅಮೆರಿಕನ್ ಹೆಸರು ಇಟ್ಟುಕೋ ಅಂದರು. ಇಟ್ಟುಕೊಳ್ಳಲಿಲ್ಲ. ಫೋನ್ ನಂಬರೂ ಬದಲಿಸಲಿಲ್ಲ. ಬದಲಿಸಿದರೆ ಹುಡುಗಿ ಡೈರೆಕ್ಟರಿಯಲ್ಲಿ ಏನಂತ ಹುಡುಕುತ್ತಾಳೆ?"

ತಲೆ ತಗ್ಗಿಸಿದೆ. ಬೇರೆ ಕಲ್ಲು ತರಿಸುತ್ತೇನೆ, ಖರ್ಚು ನನ್ನದು ಅಂದೆ. ಈ ಸಲ ಅವರು ಚೌಕಾಸಿ ಮಾಡಲಿಲ್ಲ.

ಏಪ್ರಿಲ್ ೩೦

ಊಟಕ್ಕೆ ಕೂತಾಗ ಕೋಕಿಲಾಗೆ ಹೇಳಿದೆ. ಹೆಂಡತಿ ಬಿಡುತ್ತಾಳೆಯೇ.

"ನಿಮಗ ಎಲ್ಲಾ ಸಾಲಾಗೇ ಇರಬೇಕು ನೋಡ್ರಿ. ನಮ್ಮತ್ತಿ ಏನಂತಿದ್ರು, ಮರ್ತ್ರೇನು?"

ಮರೆತಿಲ್ಲ. ಅವ್ವನ ತಮ್ಮ ಗೋವಾಕ್ಕೆ ಹೋದವನು ತಿರುಗಿ ಬರಲಿಲ್ಲ. ಹನ್ನೆರಡು ವರ್ಷವಾಯಿತು, ಇನ್ನು ಕರ್ಮ ಮುಗಿಸಿಬಿಡು ಗುರವ್ವ, ಅಂದರು ಊರವರು. "ಮೊದಲ ಹೆಣ ತೋರಸ್ರಿ, ಆಮ್ಯಾಲೆ ಅಳ್ತೀನಿ" ಅಂದಳಂತೆ. ಕೊನೆಯವರೆಗೂ ಅಳಲಿಲ್ಲ.

ಸೆಪ್ಟೆಂಬರ್ ೨೨

ಚೆನ್ನೈಯಿಂದ ಹಡಗು ಬಂತು. ಕಲ್ಲು ಚೊಕ್ಕವಾಗಿದೆ. ರೋಟ್‌ಮನ್‌ಗೆ ಫೋನ್ ಮಾಡಿದರೆ ಶೀಲಾ ಎತ್ತಿದರು. ಅಪ್ಪ ಆಗಸ್ಟಿನಲ್ಲೇ ಹೋಗಿಬಿಟ್ಟರಂತೆ.

"ಈಗ ಕಾಯೋರು ಯಾರೂ ಇಲ್ಲ. ಫೆಲಾ ಹೆಸರು ಕೆತ್ತಿಬಿಡಿ. ನನಗೆ ಮಕ್ಕಳಿಲ್ಲ. ನಾನು ಹೋದ ಮೇಲೆ ಅಂಥ ಹುಡುಗಿ ಇದ್ದಳು ಅಂತ ಹೇಳೋರೂ ಇರಲ್ಲ."

ಅದೂ ನಿಜವೇ. ಆಯಿತು ಅಂದೆ. ಬೇಜಾರಾಯಿತು. ಗಿರಾಕಿ ತೀರಿಕೊಂಡದ್ದಕ್ಕೆ ಇಷ್ಟು ಬೇಜಾರು ಈ ಧಂದೆಯಲ್ಲಿ ಆಗಬಾರದು.

ಜನವರಿ ೧೩, ೨೦೧೫

ಕಚ್ಚಾ ಎಣ್ಣೆಯ ಬೆಲೆ ಬಿದ್ದಿದೆ. ಅಡುಗೆಕಟ್ಟೆ ಆರ್ಡರುಗಳು ಒಂದೊಂದೇ ಕ್ಯಾನ್ಸಲ್. ಸಾಯುವವರು ಮಾತ್ರ ಕ್ಯಾನ್ಸಲ್ ಮಾಡುವುದಿಲ್ಲ. ರೋಟ್‌ಮನ್ ಕಲ್ಲಿನ ಮೇಲೆ ರಬ್ಬರ್ ಹಾಳೆ ಅಂಟಿಸಿ ಹಾಳೆಯಲ್ಲಿ ಅಕ್ಷರ ಕೊರೆದಿಟ್ಟೆ. ಅವರದಲ್ಲದೆ ಐದು ಹೆಸರು, ಫೆಲಾಳದೂ ಸೇರಿ. ನಾಳೆ ಯಂತ್ರದಿಂದ ಮರಳು ಹೊಡೆಯಬೇಕು, ಆಗ ಅಕ್ಷರ ಕಲ್ಲಿಗೆ ಇಳಿಯುತ್ತದೆ. ಅದಕ್ಕೆ ಮುಂಚೆ ಒಮ್ಮೆ ಬಂದು ನೋಡಿ ಅಂದೆ ಶೀಲಾಗೆ. ಏಪ್ರಿಲ್‌ನಲ್ಲಿ ಕಲಿತ ಪಾಠ.

ಜನವರಿ ೧೪

ಬಂದರು. ಶೀಲಾ ಅಪ್ಪನ ಹಾಗೆಯೇ ಹೆಸರುಗಳ ಮೇಲೆ ಬೆರಳಾಡಿಸಿದರು. ಅಲ್ಲೇ, ಫೆಲಾ ಹೆಸರಿಗೆ ಬಂದು ನಿಂತರು.

"ಮರಳು ಹೊಡೆದರೆ ಇವಳು ಇವತ್ತು ಸತ್ತ ಹಾಗೆ, ಅಲ್ವಾ?"

ವ್ಯಾಪಾರಿ ಬಾಯಿ ಮುಚ್ಚಿಕೊಂಡಿರಬೇಕು. ಆದರೂ ಅವ್ವನ ಮಾತು ಇಂಗ್ಲಿಷಿನಲ್ಲಿ ಹೇಳಿದೆ. ಶೀಲಾ ಹಾಳೆಯಿಂದ ಬೆರಳು ತೆಗೆದು ಕೇಳಿದರು:

"ಖಾಲಿ ಬಿಟ್ಟರೆ, ಮುಂದೆ ಗೊತ್ತಾದಾಗ ಕೆತ್ತೋರು ಯಾರು?"

"ನಾನು. ನನ್ನ ನಂತರ ಇವಳು," ಅಂದು ಅಮೂಲ್ಯಾಳನ್ನು ತೋರಿಸಿದೆ. ಕೇಳದೇ ಒಪ್ಪಿಕೊಂಡುಬಿಟ್ಟೆ.

"ಯಾ, ಐ ಕ್ಯಾನ್ ಡೂ ದಟ್," ಅಂದಳು.

ಫೆಲಾ ಹೆಸರಿನ ಮೇಲೆ ದಪ್ಪ ಟೇಪು ಹಾಕಿದೆ, ಮರಳು ತಾಗದ ಹಾಗೆ. ಶೀಲಾ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಕೆಲಸ ಮುಗಿದು ಹಾಳೆ ಕಿತ್ತಾಗ ಆ ಜಾಗ ಕನ್ನಡಿಯಷ್ಟು ನುಣುಪಾಗಿತ್ತು. ನನಗೆ ಸಮಾಧಾನವಾಯಿತು. ಹೊರಡುವಾಗ ಅವರು ಇನ್ನೊಂದು ಕೇಳಿದರು — ಹಿಂಬದಿಯಲ್ಲಿ, ಕೆಳಗೆ, ಸಣ್ಣದಾಗಿ ನಮ್ಮ ಅಂಗಡಿಯ ಫೋನ್ ನಂಬರ್.

ಮಾರ್ಚ್ ೧೭

ಸ್ಮಶಾನದಲ್ಲಿ ಕಲ್ಲು ನಿಲ್ಲಿಸಿ ಬಂದೆವು. ಶೀಲಾ ಅದರ ಮೇಲೊಂದು ಬೆಣಚುಕಲ್ಲು ಇಟ್ಟರು; ಅವರಲ್ಲಿ ಗೋರಿಗೆ ಹೂವಿನ ಬದಲು ಅದೇ ಅಂತೆ. ವಾಪಸ್ ಬರುವಾಗ ಡ್ರೈವ್ ಮಾಡುತ್ತಿದ್ದ ಅಮೂಲ್ಯಾಗೆ ಹೇಳಿದೆ. ಯಾರ್ಡ್ ಮಾರಿದರೂ ಸರಿ, ಆ ನಂಬರ್ ಬಿಡಬೇಡ. ಯಾರೋ ಅಜ್ಜಿ ಫೋನ್ ಮಾಡಬಹುದು, ಇಂಗ್ಲಿಷ್ ಅಷ್ಟಕ್ಕಷ್ಟೇ ಇರಬಹುದು. ಫೆಲಾ ಅಂದರೆ ಹೋಲ್ಡ್‌ನಲ್ಲಿ ಇಡಬೇಡ.

"ವಾಟ್ ಡೂ ಐ ಟೆಲ್ ಹರ್, ಅಪ್ಪಾ?"

ಹೇಳು, ನಿಮ್ಮ ಅಣ್ಣ ನಿಮಗೆ ಜಾಗ ಇಟ್ಟುಕೊಂಡು ಕಾದರು ಅಂತ.